ಯಕೃತ್ತಿನ ರಕ್ತಪರೀಕ್ಷೆಯ ವರದಿ: ಓದುವ ಬಗೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಪೀಠಿಕೆ

ಗ್ರಾಮದಲ್ಲಿ ಯಾರಿಗಾದರೂ ಕಣ್ಣು ಹಳದಿಯಾದಾಗ, ಹೊಟ್ಟೆ ಉಬ್ಬಿದಾಗ ಅಥವಾ ಜ್ವರವು ದಿನಗಟ್ಟಲೆ ಇಳಿಯದಿದ್ದಾಗ ವೈದ್ಯರು ಬರೆದುಕೊಡುವ ಪರೀಕ್ಷೆಗಳಲ್ಲಿ ಎಲ್‌ಎಫ್‌ಟಿ ಒಂದು. ಯಕೃತ್ತಿನ ಸ್ಥಿತಿಯನ್ನು ತಿಳಿಯಲು ಮಾಡುವ ರಕ್ತಪರೀಕ್ಷೆಗಳ ಗುಂಪಿಗೆ ಈ ಹೆಸರಿದೆ. ವರದಿಯು ಕೈಗೆ ಬಂದ ಸಂಜೆಯೇ ಅನೇಕ ಕುಟುಂಬಗಳು ಅದನ್ನು ಹಿಡಿದು ವಾರ್ಡಿನ ಸದಸ್ಯರ ಮನೆಯ ಜಗಲಿಗೆ ಬರುತ್ತವೆ. ಹತ್ತು ಹನ್ನೆರಡು ಸಾಲುಗಳಲ್ಲಿ ಒಂದೆರಡು ಅಂಕಿಗಳು ದಪ್ಪಕ್ಷರದಲ್ಲಿ ಮುದ್ರಿತವಾಗಿರುತ್ತವೆ. "ಇದರಲ್ಲಿ ಏನು ಬಂದಿದೆ, ಸ್ವಲ್ಪ ನೋಡಿ ಹೇಳಿ" ಎಂಬುದು ಅವರ ಕೋರಿಕೆ.

ಇಂತಹ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ದೊಡ್ಡ ಅಂಕಿಯನ್ನು ಕಂಡು ಗಾಬರಿಗೊಂಡು, ಸಾಲ ಮಾಡಿ ದೂರದ ನಗರಕ್ಕೆ ಧಾವಿಸುವುದು ಮೊದಲನೆಯದು. ಚಿಕ್ಕ ಅಂಕಿಯನ್ನು ಅಥವಾ ಇಳಿದ ಅಂಕಿಯನ್ನು ಕಂಡು ನೆಮ್ಮದಿಗೊಂಡು, ಚಿಕಿತ್ಸೆಯನ್ನು ಕೈಬಿಡುವುದು ಎರಡನೆಯದು. ಮೊದಲನೆಯ ತಪ್ಪಿನಿಂದ ಹಣ ಹೋಗುತ್ತದೆ. ಎರಡನೆಯ ತಪ್ಪಿನಿಂದ ಪ್ರಾಣವೇ ಹೋಗಬಹುದು.

ರೋಗವನ್ನು ನಿರ್ಣಯಿಸುವ ಅಧಿಕಾರ ವೈದ್ಯರದು. ಆದರೆ ವರದಿಯ ಯಾವ ಸಾಲು ಏನನ್ನು ಹೇಳುತ್ತದೆ, ಯಾವ ಸ್ಥಿತಿಯಲ್ಲಿ ರೋಗಿಯನ್ನು ಆ ರಾತ್ರಿಯೇ ಆಸ್ಪತ್ರೆಗೆ ಸಾಗಿಸಬೇಕು, ಒಂದೇ ಬೀದಿಯಿಂದ ಇಂತಹ ವರದಿಗಳು ಮೂರು ನಾಲ್ಕು ಬಂದರೆ ಪಂಚಾಯಿತಿಯು ಏನನ್ನು ಪರಿಶೀಲಿಸಬೇಕು ಎಂಬುದನ್ನು ಸದಸ್ಯರು ಅರಿತಿರುವುದು ಅವಶ್ಯಕ.

ಮೂರು ಪ್ರಶ್ನೆಗಳು

ಯಕೃತ್ತು ಬಲಪಕ್ಕೆಯ ಕೆಳಗಿರುವ, ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುವ ಅಂಗ. ಆಹಾರದ ಸಾರವನ್ನು ಸಂಗ್ರಹಿಸುವುದು, ರಕ್ತಕ್ಕೆ ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಮದ್ಯ ಮತ್ತು ಔಷಧಿಗಳಂತಹ ವಸ್ತುಗಳನ್ನು ವಿಭಜಿಸುವುದು, ಪಿತ್ತರಸವನ್ನು ಉತ್ಪಾದಿಸಿ ಕರುಳಿಗೆ ಕಳುಹಿಸುವುದು ಅದರ ಮುಖ್ಯ ಕಾರ್ಯಗಳು. ಬಹುಪಾಲು ಹಾನಿಗೊಳಗಾಗುವವರೆಗೂ ನೋವನ್ನು ತೋರಿಸದಿರುವುದು ಈ ಅಂಗದ ಸ್ವಭಾವ. ಆದುದರಿಂದಲೇ ರಕ್ತಪರೀಕ್ಷೆಗೆ ಇಷ್ಟು ಮಹತ್ವ.

ಎಲ್‌ಎಫ್‌ಟಿ ವರದಿಯ ಸಾಲುಗಳೆಲ್ಲವೂ ಒಂದೇ ವಿಷಯವನ್ನು ಹೇಳುವುದಿಲ್ಲ. ಗ್ರಾಮದ ನೀರು ಸರಬರಾಜು ಹಾಗೂ ಚರಂಡಿಯನ್ನು ಪರಿಶೀಲಿಸುವಾಗ ಕೇಳುವ ಮೂರು ಪ್ರಶ್ನೆಗಳನ್ನು ಇಲ್ಲಿಯೂ ಕೇಳಿಕೊಂಡರೆ ವರದಿಯು ಸುಲಭವಾಗಿ ಅರ್ಥವಾಗುತ್ತದೆ. ಎಲ್ಲಿಯಾದರೂ ಸೋರಿಕೆ ಇದೆಯೇ? ಹೊರಹೋಗುವ ಚರಂಡಿ ಕಟ್ಟಿಕೊಂಡಿದೆಯೇ? ಮನೆಗಳಿಗೆ ಪೂರೈಕೆ ಸರಿಯಾಗಿ ನಡೆದಿದೆಯೇ? ಈ ಮೂರರಲ್ಲಿ ಕೊನೆಯದೇ ಅತಿ ಮುಖ್ಯವಾದುದು. ಆದರೆ ವರದಿಯಲ್ಲಿ ದಪ್ಪಕ್ಷರದ ದೊಡ್ಡ ಅಂಕಿಗಳು ಸಾಮಾನ್ಯವಾಗಿ ಮೊದಲ ಪ್ರಶ್ನೆಗೆ ಸಂಬಂಧಿಸಿರುತ್ತವೆ. ತಪ್ಪು ತಿಳಿವಳಿಕೆಯ ಮೂಲವಿರುವುದು ಇಲ್ಲಿಯೇ.

ಸೋರಿಕೆ: ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ

ಇವೆರಡೂ ಜೀವಕೋಶಗಳ ಒಳಗಿರುವ ಕಿಣ್ವಗಳು. ಕೆಲವು ಪ್ರಯೋಗಾಲಯಗಳು ಇವುಗಳನ್ನು ಎಎಸ್‌ಟಿ ಮತ್ತು ಎಎಲ್‌ಟಿ ಎಂದು ಮುದ್ರಿಸುತ್ತವೆ. ಎರಡಕ್ಕೂ ಸಾಮಾನ್ಯ ಮೇಲ್ಮಿತಿಯು ಲೀಟರಿಗೆ ಸುಮಾರು 40 ಯೂನಿಟ್. ಯಕೃತ್ತಿನ ಕೋಶಗಳು ಗಾಯಗೊಂಡಾಗ ಈ ಕಿಣ್ವಗಳು ರಕ್ತಕ್ಕೆ ಸೋರಿ, ಅಂಕಿ ಏರುತ್ತದೆ. ಎಸ್‌ಜಿಪಿಟಿ ಬಹುತೇಕ ಯಕೃತ್ತಿಗೆ ಸಂಬಂಧಿಸಿದ್ದು. ಎಸ್‌ಜಿಒಟಿ ಮಾಂಸಖಂಡ, ಹೃದಯ ಮತ್ತು ಕೆಂಪು ರಕ್ತಕಣಗಳಲ್ಲಿಯೂ ಇರುವುದರಿಂದ, ಅತಿಯಾದ ದೈಹಿಕ ಶ್ರಮದ ಮರುದಿನ ರಕ್ತ ಕೊಟ್ಟರೆ ಅಥವಾ ತೆಗೆದ ರಕ್ತದ ಕಣಗಳು ಸಾಗಣೆಯಲ್ಲಿ ಒಡೆದರೆ ಅದೊಂದೇ ಏರಿರುವುದುಂಟು.

ಏರಿಕೆಯ ಪ್ರಮಾಣವೂ ಸೂಚನೆಯನ್ನು ನೀಡುತ್ತದೆ. ಮಿತಿಗಿಂತ ಎರಡು ಮೂರು ಪಟ್ಟು ಏರಿಕೆಯು ಯಕೃತ್ತಿನಲ್ಲಿ ಕೊಬ್ಬು ಶೇಖರಣೆ, ಮದ್ಯಪಾನ, ಕೆಲವು ಔಷಧಿಗಳು, ಡೆಂಗೀಯಂತಹ ಜ್ವರಗಳಲ್ಲಿ ಸಾಮಾನ್ಯ. ಸಾವಿರ ದಾಟುವ ಏರಿಕೆಯು ಹೆಚ್ಚಾಗಿ ವೈರಾಣುವಿನ ಕಾಮಾಲೆ, ಔಷಧಿಯ ವಿಷಪರಿಣಾಮ ಅಥವಾ ಯಕೃತ್ತಿಗೆ ರಕ್ತಪೂರೈಕೆ ಹಠಾತ್ತನೆ ಕುಂದಿದ ಸ್ಥಿತಿಯಲ್ಲಿ ಕಂಡುಬರುತ್ತದೆ. ಮದ್ಯದಿಂದಾದ ಹಾನಿಯಲ್ಲಿ ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಿರುವುದು ವಾಡಿಕೆ. ಆದರೆ ಎರಡೂ ಸಾಮಾನ್ಯವಾಗಿ ಮುನ್ನೂರರೊಳಗೆ ಇರುತ್ತವೆ. ಅಂದರೆ ಮದ್ಯದಿಂದ ಯಕೃತ್ತು ಕೆಟ್ಟವರ ವರದಿಯಲ್ಲಿ ಬೆಚ್ಚಿಬೀಳಿಸುವ ಅಂಕಿಯೇ ಇಲ್ಲದಿರಬಹುದು.

ತಡೆ: ಬಿಲಿರುಬಿನ್, ಎಎಲ್‌ಪಿ ಮತ್ತು ಜಿಜಿಟಿ

ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ ಹಳದಿ ವಸ್ತುವೇ ಬಿಲಿರುಬಿನ್. ಯಕೃತ್ತು ಅದನ್ನು ಸಂಸ್ಕರಿಸಿ ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಒಟ್ಟು ಬಿಲಿರುಬಿನ್ ಡೆಸಿಲೀಟರಿಗೆ ಸುಮಾರು 1.2 ಮಿಲಿಗ್ರಾಂ ಒಳಗಿರುವುದು ಸಾಮಾನ್ಯ. ಅದು ಸುಮಾರು 2.5ರಿಂದ 3ಕ್ಕೆ ಏರಿದಾಗ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣಿಸುತ್ತದೆ. ಜನರು ಕಾಮಾಲೆ, ಅರಿಶಿನ ಕಾಮಾಲೆ, ಕಾಮಣಿ ಎಂದೆಲ್ಲ ಕರೆಯುವುದು ಇದನ್ನೇ. ಕಾಮಾಲೆಯು ಒಂದು ಲಕ್ಷಣವೇ ಹೊರತು ಒಂದೇ ಕಾಯಿಲೆಯ ಹೆಸರಲ್ಲ ಎಂಬುದನ್ನು ಸದಸ್ಯರು ಜನರಿಗೆ ಮನವರಿಕೆ ಮಾಡಿಕೊಡತಕ್ಕದ್ದು.

ವರದಿಯಲ್ಲಿ ಬಿಲಿರುಬಿನ್ ಎರಡು ಭಾಗಗಳಾಗಿರುತ್ತದೆ. ಯಕೃತ್ತು ಇನ್ನೂ ಸಂಸ್ಕರಿಸದ ಭಾಗ ಇನ್‌ಡೈರೆಕ್ಟ್. ಸಂಸ್ಕರಿಸಿದ ಭಾಗ ಡೈರೆಕ್ಟ್. ಇನ್‌ಡೈರೆಕ್ಟ್ ಮಾತ್ರ ಏರಿದ್ದರೆ ಮಲೇರಿಯಾ, ಸಿಕಲ್ ಸೆಲ್ ರಕ್ತಹೀನತೆ ಮುಂತಾದವುಗಳಲ್ಲಿ ರಕ್ತಕಣಗಳು ಹೆಚ್ಚಾಗಿ ಒಡೆಯುತ್ತಿರಬಹುದು. ಕೆಲವರಲ್ಲಿ ಹುಟ್ಟಿನಿಂದಲೇ ಇದು ತುಸು ಹೆಚ್ಚಿದ್ದು, ಉಪವಾಸದ ದಿನಗಳಲ್ಲಿ ಏರುತ್ತದೆ, ಅದರಿಂದ ಅಪಾಯವಿಲ್ಲ. ಡೈರೆಕ್ಟ್ ಏರಿದ್ದರೆ ಯಕೃತ್ತಿನಲ್ಲಿ ಅಥವಾ ಪಿತ್ತನಾಳದಲ್ಲಿ ತೊಂದರೆ ಇದೆ ಎಂದರ್ಥ. ಆಗ ಮೂತ್ರವು ಗಾಢವಾಗುತ್ತದೆ.

ಎಎಲ್‌ಪಿ ಮತ್ತು ಜಿಜಿಟಿ ಎಂಬ ಕಿಣ್ವಗಳು ಪಿತ್ತರಸದ ಹರಿವಿಗೆ ತಡೆಯಾದಾಗ ಏರುತ್ತವೆ. ಪಿತ್ತಕೋಶದ ಕಲ್ಲು ನಾಳಕ್ಕೆ ಜಾರಿದಾಗ ಅಥವಾ ಗಡ್ಡೆಯೊಂದು ನಾಳವನ್ನು ಒತ್ತಿದಾಗ ಎಎಲ್‌ಪಿ ಹಲವು ಪಟ್ಟು ಏರುತ್ತದೆ. ಮೈ ತುರಿಸುತ್ತದೆ, ಮಲವು ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆದರೆ ಎಎಲ್‌ಪಿ ಮೂಳೆಯಲ್ಲಿಯೂ ಗರ್ಭದ ಮಾಸಿನಲ್ಲಿಯೂ (ಪ್ಲಾಸೆಂಟಾ) ಇರುವುದರಿಂದ ಬೆಳೆಯುವ ಮಕ್ಕಳಲ್ಲಿ, ಹಾಗೆಯೇ ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಅದು ಹೆಚ್ಚಿರುವುದು ಸಹಜ.

ಪೂರೈಕೆ: ಅಲ್ಬುಮಿನ್ ಮತ್ತು ಐಎನ್‌ಆರ್

ಯಕೃತ್ತು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಹೇಳುವ ಸಾಲುಗಳು ಇವು. ಅಲ್ಬುಮಿನ್ ಯಕೃತ್ತು ಮಾತ್ರವೇ ತಯಾರಿಸುವ ಪ್ರೋಟೀನು, ಡೆಸಿಲೀಟರಿಗೆ 3.5ರಿಂದ 5 ಗ್ರಾಂ ಇರಬೇಕು. ಅದು ಕುಗ್ಗಿದಾಗ ಕಾಲುಗಳು ಊದುತ್ತವೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ತಯಾರಾದ ಅಲ್ಬುಮಿನ್ ಅರ್ಧದಷ್ಟು ಕಡಿಮೆಯಾಗಲು ಸುಮಾರು ಮೂರು ವಾರ ಬೇಕಾಗುವುದರಿಂದ, ಅದರ ಕುಸಿತವು ಹಳೆಯ ಹಾನಿಯನ್ನು ಸೂಚಿಸುತ್ತದೆ. ಅಪೌಷ್ಟಿಕತೆ ಮತ್ತು ಮೂತ್ರಪಿಂಡದ ಕಾಯಿಲೆಗಳಲ್ಲಿಯೂ ಅಲ್ಬುಮಿನ್ ಇಳಿಯುತ್ತದೆ ಎಂಬುದನ್ನು ಮರೆಯಬಾರದು.

ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ಯಕೃತ್ತೇ ತಯಾರಿಸುತ್ತದೆ. ಇವುಗಳಲ್ಲಿ ಕೆಲವು ಗಂಟೆಗಳಲ್ಲಿಯೇ ಖರ್ಚಾಗಿಬಿಡುತ್ತವೆ. ಆದುದರಿಂದ ಯಕೃತ್ತು ಹಠಾತ್ತನೆ ಸೋತಾಗ ಮೊದಲು ಕೆಡುವುದು ಪಿಟಿ-ಐಎನ್‌ಆರ್ ಎಂಬ ಪರೀಕ್ಷೆ. ಆರೋಗ್ಯವಂತರಲ್ಲಿ ಐಎನ್‌ಆರ್ ಸುಮಾರು 1 ಇರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸದ ಕಾಮಾಲೆ ರೋಗಿಯಲ್ಲಿ ಅದು 1.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಎಚ್ಚರಿಕೆಯ ಗಂಟೆ. ಈ ಪರೀಕ್ಷೆಯು ಎಷ್ಟೋ ಪ್ರಯೋಗಾಲಯಗಳ ಎಲ್‌ಎಫ್‌ಟಿ ಪಟ್ಟಿಯಲ್ಲಿ ಸೇರಿರುವುದಿಲ್ಲ, ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕಾಗುತ್ತದೆ. ಕಾಮಾಲೆಯು ತೀವ್ರವಾಗಿದ್ದು ಐಎನ್‌ಆರ್ ಸಾಲು ವರದಿಯಲ್ಲಿ ಇಲ್ಲದಿದ್ದರೆ, "ಆ ಪರೀಕ್ಷೆ ಬೇಕೇ?" ಎಂದು ವೈದ್ಯರನ್ನು ಕೇಳುವಂತೆ ಕುಟುಂಬದವರಿಗೆ ತಿಳಿಸುವುದು ಸದಸ್ಯರು ಮಾಡಬಹುದಾದ ದೊಡ್ಡ ಉಪಕಾರ.

ಮೂರು ಮಾದರಿ ವರದಿಗಳು

ತಿಳಿವಳಿಕೆಗಾಗಿ ಮೂರು ಕಾಲ್ಪನಿಕ ವರದಿಗಳನ್ನು ಇಲ್ಲಿ ಹೋಲಿಸಲಾಗಿದೆ.

ಮೊದಲನೆಯದು 24 ವರ್ಷದ ಯುವಕನದು: ಬಿಲಿರುಬಿನ್ 6.8, ಎಸ್‌ಜಿಪಿಟಿ 1450, ಎಎಲ್‌ಪಿ ತುಸು ಹೆಚ್ಚು, ಅಲ್ಬುಮಿನ್ 4.1, ಐಎನ್‌ಆರ್ 1.1. ಸೋರಿಕೆ ಬಹಳ, ಆದರೆ ಪೂರೈಕೆ ಸರಿಯಾಗಿದೆ. ಇದು ವೈರಾಣುವಿನ ಕಾಮಾಲೆಯ ಮಾದರಿ. ಇಂತಹವರಲ್ಲಿ ಬಹುಪಾಲು ಮಂದಿ ವಿಶ್ರಾಂತಿ, ಸರಿಯಾದ ಆಹಾರ ಮತ್ತು ವೈದ್ಯರ ನಿಗಾದಲ್ಲಿ ಕೆಲವು ವಾರಗಳಲ್ಲಿ ಗುಣಮುಖರಾಗುತ್ತಾರೆ.

ಎರಡನೆಯದು ಹಲವು ವರ್ಷಗಳಿಂದ ಮದ್ಯಪಾನ ಮಾಡುತ್ತಿರುವ 48 ವರ್ಷದ ವ್ಯಕ್ತಿಯದು: ಬಿಲಿರುಬಿನ್ 2.9, ಎಸ್‌ಜಿಒಟಿ 118, ಎಸ್‌ಜಿಪಿಟಿ 46, ಅಲ್ಬುಮಿನ್ 2.6, ಐಎನ್‌ಆರ್ 1.7. ಅಂಕಿಗಳು ಚಿಕ್ಕವು, ಆದರೆ ಪೂರೈಕೆಯೇ ಕುಸಿದಿದೆ. ಯಕೃತ್ತು ಗಟ್ಟಿಯಾಗಿ ಕುಗ್ಗುವ ಸಿರೋಸಿಸ್ ಎಂಬ ಸ್ಥಿತಿಯಲ್ಲಿ ಹೀಗಾಗುತ್ತದೆ. ಜಗಲಿಯಲ್ಲಿ ಕುಳಿತು ನೋಡುವವರಿಗೆ ಯುವಕನ ವರದಿಯೇ ಭಯಾನಕವಾಗಿ ಕಾಣುತ್ತದೆ. ವಾಸ್ತವದಲ್ಲಿ ಹೆಚ್ಚು ಅಪಾಯದಲ್ಲಿರುವವರು ಈ ಎರಡನೆಯವರು.

ಮೂರನೆಯದು 55 ವರ್ಷದ ಮಹಿಳೆಯದು: ಬಿಲಿರುಬಿನ್ 9, ಅದರಲ್ಲಿ ಡೈರೆಕ್ಟ್ 7.4, ಎಸ್‌ಜಿಪಿಟಿ 95, ಎಎಲ್‌ಪಿ 620. ಇದು ತಡೆಯ ಮಾದರಿ. ಹೊಟ್ಟೆಯ ಸ್ಕ್ಯಾನ್ ಮಾಡಿಸಿ ನಾಳದಲ್ಲಿರುವ ಅಡ್ಡಿಯನ್ನು ಪತ್ತೆಹಚ್ಚಬೇಕು. ಔಷಧಿ ಕುಡಿಯುತ್ತಾ ಕಾಯುವುದರಿಂದ ಕಲ್ಲು ಅಥವಾ ಗಡ್ಡೆ ಕರಗುವುದಿಲ್ಲ. ಇದರೊಡನೆ ಚಳಿಜ್ವರವೂ ಇದ್ದರೆ ನಾಳದಲ್ಲಿ ಸೋಂಕಾಗಿರಬಹುದು, ಅದು ತುರ್ತುಸ್ಥಿತಿ.

ಇಳಿದ ಅಂಕಿ ಯಾವಾಗಲೂ ಶುಭವಲ್ಲ

ಒಬ್ಬ ರೋಗಿಯ ಎಸ್‌ಜಿಪಿಟಿ ಐದು ದಿನಗಳಲ್ಲಿ 2400ರಿಂದ 300ಕ್ಕೆ ಇಳಿಯಿತೆಂದು ಭಾವಿಸೋಣ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಆದರೆ ಅದೇ ವರದಿಯಲ್ಲಿ ಬಿಲಿರುಬಿನ್ 12ರಿಂದ 19ಕ್ಕೂ ಐಎನ್‌ಆರ್ 1.4ರಿಂದ 3.2ಕ್ಕೂ ಏರಿದ್ದರೆ ಅರ್ಥವೇ ಬೇರೆ. ಕೊಳವೆಯನ್ನು ದುರಸ್ತಿ ಮಾಡಿದಾಗ ಸೋರಿಕೆ ನಿಲ್ಲುತ್ತದೆ. ತೊಟ್ಟಿ ಬರಿದಾದಾಗಲೂ ಸೋರಿಕೆ ನಿಲ್ಲುತ್ತದೆ. ಸೋರಲು ಕೋಶಗಳೇ ಉಳಿಯದಿದ್ದಾಗಲೂ ಎಸ್‌ಜಿಪಿಟಿ ಇಳಿಯುತ್ತದೆ. ಇಂತಹ ರೋಗಿಗೆ ದೊರೆಯುವ ಕಾಲಾವಕಾಶ ದಿನಗಳದು, ಕೆಲವೊಮ್ಮೆ ಗಂಟೆಗಳದು.

ಈ ಹಂತದಲ್ಲಿ ರೋಗಿಯು ಹಗಲು ನಿದ್ರಿಸಿ ರಾತ್ರಿ ಎಚ್ಚರವಿರುವುದು, ತಡವರಿಸಿ ಮಾತನಾಡುವುದು, ಮನೆಯವರನ್ನು ಗುರುತಿಸದಿರುವುದು, ಕಾರಣವಿಲ್ಲದೆ ರೇಗುವುದು ಕಾಣಿಸುತ್ತದೆ. ಯಕೃತ್ತು ತೆಗೆಯಬೇಕಾದ ವಿಷವಸ್ತುಗಳು ಮಿದುಳನ್ನು ತಲುಪಿರುವ ಗುರುತಿದು. ಕುಡಿದ ಅಮಲೆಂದೋ ಗಾಳಿ ಸೋಕಿದೆಯೆಂದೋ ಭಾವಿಸಿ ಒಂದು ರಾತ್ರಿ ಕಳೆದರೂ ರೋಗಿಯು ಕೈತಪ್ಪಬಹುದು.

ಆದುದರಿಂದ ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ, ವರದಿಯಲ್ಲಿ ಏನೇ ಇರಲಿ, 108 ಆಂಬುಲೆನ್ಸ್ ಕರೆಸಿ ರೋಗಿಯನ್ನು ಸೌಲಭ್ಯವುಳ್ಳ ಆಸ್ಪತ್ರೆಗೆ ಸಾಗಿಸತಕ್ಕದ್ದು:

1. ಪ್ರಜ್ಞೆಯಲ್ಲಿ ಅಥವಾ ನಡವಳಿಕೆಯಲ್ಲಿ ಬದಲಾವಣೆ.
2. ರಕ್ತವಾಂತಿ, ಟಾರಿನಂತಹ ಕಪ್ಪು ಮಲ, ವಸಡಿನಿಂದ ರಕ್ತಸ್ರಾವ.
3. ಹೊಟ್ಟೆ ಉಬ್ಬುವಿಕೆಯೊಡನೆ ಜ್ವರ ಅಥವಾ ಹೊಟ್ಟೆನೋವು.
4. ನಿಲ್ಲದ ವಾಂತಿ, ಮೂತ್ರದ ಪ್ರಮಾಣದಲ್ಲಿ ಇಳಿಕೆ.
5. ಗರ್ಭಿಣಿಯರಲ್ಲಿ ಯಾವುದೇ ಪ್ರಮಾಣದ ಕಾಮಾಲೆ. ಹೆಪಟೈಟಿಸ್ ಇ ಸೋಂಕು ಗರ್ಭಾವಸ್ಥೆಯ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರರಲ್ಲಿ 20ರಿಂದ 25 ಮಂದಿಯವರೆಗೂ ಸಾವು ಸಂಭವಿಸಬಹುದು.
6. ನವಜಾತ ಶಿಶುವಿಗೆ ಮೊದಲ 24 ಗಂಟೆಗಳಲ್ಲಿ ಕಾಣಿಸುವ ಹಳದಿ, ಅಥವಾ ನಂತರದ ದಿನಗಳಲ್ಲಿ ಅಂಗೈ ಅಂಗಾಲಿಗೂ ಹರಡುವ ಹಳದಿ. ವಯಸ್ಕರ ಮಿತಿಗಳನ್ನು ಶಿಶುಗಳಿಗೆ ಅನ್ವಯಿಸಬಾರದು.

ನಾಟಿ ಔಷಧಿ, ಪಥ್ಯ ಮತ್ತು ಮಾತ್ರೆಗಳು

ಕಾಮಾಲೆಗೆ ಸೊಪ್ಪಿನ ರಸ ಕುಡಿಯುವುದು, ಬರೆ ಹಾಕಿಸುವುದು ಹಲವೆಡೆ ಇಂದಿಗೂ ನಡೆದಿದೆ. ಅದರಿಂದ ಗುಣವಾಯಿತೆಂಬ ನಂಬಿಕೆಗೆ ಕಾರಣವುಂಟು: ನೀರಿನಿಂದ ಹರಡುವ ಕಾಮಾಲೆಯು ಬಹುಪಾಲು ಜನರಲ್ಲಿ ತಾನಾಗಿಯೇ ವಾಸಿಯಾಗುತ್ತದೆ; ಕೀರ್ತಿ ಮಾತ್ರ ಔಷಧಿಗೆ ಸಲ್ಲುತ್ತದೆ. ತಾನಾಗಿ ವಾಸಿಯಾಗದವರ ಪಾಲಿಗೆ ಆ ಹದಿನೈದು ದಿನಗಳೇ ಮುಳುವಾಗುತ್ತವೆ. ಹಿರಿಯರ ನಂಬಿಕೆಯನ್ನು ಹೀಯಾಳಿಸುವುದರಿಂದ ಪ್ರಯೋಜನವಿಲ್ಲ. "ಮೊದಲು ರಕ್ತಪರೀಕ್ಷೆ ಆಗಲಿ, ಐಎನ್‌ಆರ್ ನೋಡೋಣ" ಎಂದು ಒಪ್ಪಿಸಿದರೆ ಸಾಕು. ಉಪ್ಪು, ಎಣ್ಣೆ, ಬೇಳೆ ಎಲ್ಲವನ್ನೂ ಬಿಡಿಸುವ ಕಠಿಣ ಪಥ್ಯವೂ ಸರಿಯಲ್ಲ. ಚೇತರಿಸಿಕೊಳ್ಳಲು ಯಕೃತ್ತಿಗೆ ಆಹಾರ ಬೇಕು. ಉಪ್ಪನ್ನು ಮಿತಗೊಳಿಸಬೇಕಾದುದು ಹೊಟ್ಟೆಯಲ್ಲಿ ನೀರು ತುಂಬಿದವರು. ಮದ್ಯವನ್ನು ಎಲ್ಲರೂ ಸಂಪೂರ್ಣವಾಗಿ ವರ್ಜಿಸಬೇಕು.

ಕ್ಷಯರೋಗದ ಮಾತ್ರೆಗಳು ಕೆಲವರಲ್ಲಿ ಯಕೃತ್ತಿಗೆ ತೊಂದರೆ ಕೊಡುತ್ತವೆ. ಎಸ್‌ಜಿಪಿಟಿ ತುಸು ಏರಿತೆಂದು ರೋಗಿಯು ತಾನಾಗಿ ಮಾತ್ರೆ ನಿಲ್ಲಿಸಿದರೆ ಕ್ಷಯವು ಉಲ್ಬಣಿಸುತ್ತದೆ; ಕಣ್ಣು ಹಳದಿಯಾದರೂ ನುಂಗುತ್ತಲೇ ಇದ್ದರೆ ಯಕೃತ್ತು ಕೆಡುತ್ತದೆ. ವಾಂತಿ, ಹಸಿವಿಲ್ಲದಿರುವಿಕೆ ಅಥವಾ ಹಳದಿ ಕಂಡ ದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ ವೈದ್ಯರಿಂದಲೇ ತೀರ್ಮಾನ ಪಡೆಯಬೇಕು. ಕ್ಷಯಮುಕ್ತ ಪಂಚಾಯಿತಿಯ ಗುರಿ ಹೊಂದಿರುವ ಗ್ರಾಮಗಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ವರದಿಗಳು ಒಂದೇ ಬೀದಿಯಿಂದ ಬಂದಾಗ

ಇಲ್ಲಿಯವರೆಗಿನ ವಿಷಯವು ಒಬ್ಬ ರೋಗಿಗೆ ಸಂಬಂಧಿಸಿದ್ದು. ಬೇರೆ ಬೇರೆ ಮನೆಗಳ ಎರಡು ಮೂರು ಮಂದಿಯ ವರದಿಯಲ್ಲಿ ಕೆಲವೇ ವಾರಗಳ ಅಂತರದಲ್ಲಿ ಎಸ್‌ಜಿಪಿಟಿ ಸಾವಿರ ದಾಟಿದ್ದರೆ ಅದು ಪಂಚಾಯಿತಿಯ ವಿಷಯವಾಗುತ್ತದೆ. ಹೆಪಟೈಟಿಸ್ ಎ ಮತ್ತು ಇ ವೈರಾಣುಗಳು ಮಲದಿಂದ ಕಲುಷಿತವಾದ ನೀರಿನಿಂದ ಹರಡುತ್ತವೆ.

1955ರ ಕೊನೆಯಲ್ಲಿ ಯಮುನಾ ನದಿಯಿಂದ ದೆಹಲಿಗೆ ನೀರೆತ್ತುವ ಸ್ಥಳಕ್ಕೆ ಚರಂಡಿ ನೀರು ಸೇರಿತು. ಬಳಿಕ 1956ರ ಆರಂಭದವರೆಗೆ ಸುಮಾರು 29,000 ಜನರಿಗೆ ಕಾಮಾಲೆ ತಗುಲಿತು. ಕ್ಲೋರಿನ್ ಪ್ರಮಾಣವನ್ನು ಹೆಚ್ಚಿಸಲಾಗಿತ್ತು. ಟೈಫಾಯಿಡ್ ಹೆಚ್ಚಲಿಲ್ಲ, ಆದರೂ ಕಾಮಾಲೆ ಹಬ್ಬಿತು. ಅದು ಹೆಪಟೈಟಿಸ್ ಇ ಎಂಬುದು ದಶಕಗಳ ನಂತರ ತಿಳಿದುಬಂದಿತು. ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ನೀರು ತೇರ್ಗಡೆಯಾದ ಮಾತ್ರಕ್ಕೆ ವೈರಾಣು ಇಲ್ಲವೆಂದು ಹೇಳಲಾಗದು ಎಂಬುದು ಇದರ ಪಾಠ.

ಇನ್ನೊಂದು ಅಂಶವು ಅಷ್ಟೇ ಮುಖ್ಯ. ವೈರಾಣು ದೇಹ ಸೇರಿದ ಬಳಿಕ ಕಾಯಿಲೆ ಕಾಣಿಸಿಕೊಳ್ಳಲು ಹೆಪಟೈಟಿಸ್ ಎ ಆದರೆ ಎರಡರಿಂದ ನಾಲ್ಕು ವಾರ, ಇ ಆದರೆ ಎರಡರಿಂದ ಹತ್ತು ವಾರ ಬೇಕು. ಇಂದು ಕಣ್ಣು ಹಳದಿಯಾದವರು ಕಲುಷಿತ ನೀರು ಕುಡಿದದ್ದು ಕಳೆದ ತಿಂಗಳು ಅಥವಾ ಅದಕ್ಕೂ ಹಿಂದೆ. ಇಂದಿನ ನೀರಿನ ಮಾದರಿ ಶುದ್ಧವೆಂದು ಬಂದರೆ ಪಂಚಾಯಿತಿಯ ಹೊಣೆ ಮುಗಿಯುವುದಿಲ್ಲ. ಆ ಅವಧಿಯಲ್ಲಿ ಎಲ್ಲಿ ಕೊಳವೆ ಒಡೆದಿತ್ತು, ಎಲ್ಲಿ ಹೊಸ ಸಂಪರ್ಕಕ್ಕಾಗಿ ಅಗೆಯಲಾಯಿತು, ಯಾವ ದಿನಗಳಲ್ಲಿ ಬ್ಲೀಚಿಂಗ್ ಪೌಡರ್ ಹಾಕಿರಲಿಲ್ಲ ಎಂಬುದನ್ನು ನೀರುಗಂಟಿಯ ದಾಖಲೆಯಿಂದ ತೆಗೆಯಬೇಕು. ನೀರು ಬಿಡುವ ವೇಳೆ ಮುಗಿದು ಕೊಳವೆಯಲ್ಲಿ ಒತ್ತಡ ಇಳಿದಾಗ, ಚರಂಡಿಯ ಪಕ್ಕದಲ್ಲಿರುವ ಸಣ್ಣ ಬಿರುಕು ಕೂಡ ಕೊಳಕು ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ವಾಲ್ವ್ ಗುಂಡಿಯಲ್ಲಿ ನಿಂತ ನೀರಿನದೂ ಇದೇ ಕಥೆ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಬೇರೆ ಬೇರೆ ಮನೆಗಳಲ್ಲಿ ಎರಡು ಮೂರು ಕಾಮಾಲೆ ಪ್ರಕರಣಗಳು ಕಂಡ ಕೂಡಲೇ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸುವುದು; ಕಾಯಿಲೆ ಆರಂಭವಾದ ದಿನಾಂಕ ಮತ್ತು ನೀರಿನ ಮೂಲವನ್ನು ಗುರುತಿಸಿಕೊಳ್ಳುವಂತೆ ಕೋರುವುದು.
2. ಕೊಳವೆ ಮಾರ್ಗವು ಚರಂಡಿಯನ್ನು ದಾಟುವ ಸ್ಥಳಗಳನ್ನು ನೀರುಗಂಟಿಯೊಡನೆ ನಡೆದು ಪರಿಶೀಲಿಸಿ, ಸೋರಿಕೆಯನ್ನು ದುರಸ್ತಿಗೊಳಿಸುವುದು.
3. ಕೊನೆಯ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇದೆಯೆಂದು ಖಚಿತಪಡಿಸಿಕೊಳ್ಳುವುದು. ತೊಟ್ಟಿಯ ಬಳಿಯ ಪರೀಕ್ಷೆ ಮಾತ್ರ ಸಾಲದು.
4. ದುರಸ್ತಿ ಮುಗಿದು ವೈದ್ಯಾಧಿಕಾರಿಯು ಸೂಚಿಸುವವರೆಗೆ ನೀರನ್ನು ಕುದಿಸಿ ಕುಡಿಯುವಂತೆ ಡಂಗುರ ಸಾರಿಸುವುದು. ಗರ್ಭಿಣಿಯರಿರುವ ಮನೆಗಳಿಗೆ ಪ್ರತ್ಯೇಕವಾಗಿ ತಿಳಿಸುವುದು.
5. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸು ಶಿಶು ಜನಿಸಿದ 24 ಗಂಟೆಗಳೊಳಗೆ, ಬಳಿಕ 6, 10 ಮತ್ತು 14ನೇ ವಾರಗಳಲ್ಲಿ ದೊರೆಯುತ್ತಿದೆಯೇ ಎಂಬುದನ್ನು ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ಸಭೆಯಲ್ಲಿ ಪರಿಶೀಲಿಸುವುದು.
6. ಹೆಪಟೈಟಿಸ್ ಬಿ ಅಥವಾ ಸಿ ಪತ್ತೆಯಾದವರಿಗೆ, 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ ಮತ್ತು ಔಷಧಿ ಉಚಿತವೆಂದು ತಿಳಿಸುವುದು. ಇವು ಜೊತೆಯಲ್ಲಿ ಕುಳಿತು ಉಣ್ಣುವುದರಿಂದ ಹರಡುವುದಿಲ್ಲ. ಅಂತಹವರನ್ನು ದೂರವಿಡುವುದು ತಪ್ಪು.
7. ಯಾರ ವರದಿಯ ಭಾವಚಿತ್ರವನ್ನೂ ವಾಟ್ಸ್‌ಆ್ಯಪ್ ಗುಂಪುಗಳಿಗೆ ಕಳುಹಿಸದಿರುವುದು. ವರದಿಯು ರೋಗಿಯ ಖಾಸಗಿ ದಾಖಲೆ.
8. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಪ್ರತಿ ಬಾರಿಯೂ ವೈದ್ಯರಲ್ಲಿಗೆ ಒಯ್ಯುವಂತೆ ಕುಟುಂಬಗಳಿಗೆ ಹೇಳುವುದು. ಸಾಮಾನ್ಯ ಮಿತಿಯು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ತುಸು ಭಿನ್ನವಾಗಿರುವುದರಿಂದ, ಸಾಧ್ಯವಾದಷ್ಟು ಒಂದೇ ಕಡೆ ಪರೀಕ್ಷೆ ಮಾಡಿಸುವುದು ಮೇಲು.

ಮುಕ್ತಾಯ

ಇನ್ನು ಮುಂದೆ ವರದಿಯೊಂದು ಜಗಲಿಗೆ ಬಂದಾಗ ಸದಸ್ಯರ ದೃಷ್ಟಿಯು ದಪ್ಪಕ್ಷರದ ಎಸ್‌ಜಿಪಿಟಿಯಲ್ಲಿಯೇ ನಿಲ್ಲದೆ ಅಲ್ಬುಮಿನ್ ಮತ್ತು ಐಎನ್‌ಆರ್ ಸಾಲುಗಳಿಗೂ ಇಳಿಯಲಿ. ಅದಕ್ಕೂ ಮೊದಲು ವರದಿಯ ಒಡೆಯರ ಮುಖವನ್ನು ನೋಡಿ, ಅವರು ಸರಿಯಾಗಿ ಮಾತನಾಡುತ್ತಿದ್ದಾರೆಯೇ, ಊಟ ಸೇರುತ್ತಿದೆಯೇ, ರಾತ್ರಿ ನಿದ್ರೆ ಬರುತ್ತಿದೆಯೇ ಎಂದು ವಿಚಾರಿಸಲಿ. ನಂತರ ಕೇಳಬೇಕಾದ ಪ್ರಶ್ನೆಯೊಂದಿದೆ: "ನಿಮ್ಮ ಬೀದಿಯಲ್ಲಿ ಇನ್ನಾರಿಗಾದರೂ ಹೀಗಾಗಿದೆಯೇ?" ಮೊದಲ ವಿಚಾರಣೆಯು ಒಬ್ಬರ ಪ್ರಾಣವನ್ನು ಉಳಿಸಬಹುದು; ಕೊನೆಯ ಪ್ರಶ್ನೆಯು ಇಡೀ ಬೀದಿಯನ್ನು ಕಾಯಿಲೆಯಿಂದ ಕಾಪಾಡಬಹುದು.